ಪೆಟ್ಸೋಫಾಸ್ ಬೆಟ್ಟದ ಮಣ್ಣಿನ ದನಗಳೂ ನಮ್ಮ ಸುರ್ಯದ ಹರಕೆಯೂ

ಅಥೆನ್ಸ್‌ಗೆ ಕೆಲಸಕ್ಕೆ ಬಂದ ಮೇಲೆ ರಜೆ ಸಿಕ್ಕಿದ್ರೆ ನಾನು ಕ್ರೀಟ್ ದ್ವೀಪಕ್ಕೇ ಹೋಗೋದು. ಅಲ್ಲಿ ಇರಾಕ್ಲಿಯೊ ಮ್ಯೂಸಿಯಂನಲ್ಲಿ ಜನ ಎಲ್ಲ ಕ್ನೋಸೋಸ್ ಅರಮನೆಯ ಬಣ್ಣದ ಚಿತ್ರಗಳ ಮುಂದೆ ಗುಂಪು ಕಟ್ತಾರೆ, ಬೆಟ್ಟದ ಮೇಲಿನ ಪೂಜಾಸ್ಥಳಗಳಲ್ಲಿ ಸಿಕ್ಕಿದ ಮಣ್ಣಿನ ದನ, ಆಡು, ಕುರಿಗಳ ಹತ್ರ ಎರಡು ನಿಮಿಷ ನಿಲ್ಲೋರೂ ಕಮ್ಮಿ. ನನಗೆ ಅದೇ ಬೇಜಾರು. ಮಿನೋವನ್ ಕಾಲದ, ಅಂದ್ರೆ ಕ್ರೀಟ್‌ನ ಕಂಚಿನ ಯುಗದ ಸಾಮಾನ್ಯ ಜನ ದೇವರ ಹತ್ರ ಏನು ಕೇಳ್ತಿದ್ರು ಅಂತ ತಿಳೀಬೇಕಾದ್ರೆ ಮೊದಲು ನೋಡ್ಬೇಕಾದ್ದು ಇವನ್ನೇ.

ದ್ವೀಪದ ಪೂರ್ವ ತುದಿಯಲ್ಲಿ ಪಾಲೈಕಾಸ್ಟ್ರೋ ಊರಿನ ಮೇಲ್ಗಡೆ ಪೆಟ್ಸೋಫಾಸ್ ಅಂತ ಒಂದು ಗುಡ್ಡ ಉಂಟು. 1903ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಜಾನ್ ಮೈರ್ಸ್ ಅಲ್ಲಿ ಅಗೆದಾಗ ಬೂದಿಯ ಜೊತೆಗೆ ಇಂಥ ಗೊಂಬೆಗಳು ರಾಶಿ ಸಿಕ್ಕಿದ್ವು, ಹೆಚ್ಚುಕಮ್ಮಿ ನಾಲ್ಕು ಸಾವಿರ ವರ್ಷ ಹಳೇವು. ಭಕ್ತಿಯಿಂದ ನಿಂತ ಗಂಡಸರು ಹೆಂಗಸರು, ಬರೀ ಒಂದು ಕೈ, ಒಂದು ಕಾಲು, ಕೆಲವಕ್ಕೆ ದಾರ ಪೋಣಿಸಿ ತೂಗು ಹಾಕೋದಕ್ಕೆ ತೂತು ಬೇರೆ. ಅದರ ನಡುವೆ ಕೊಂಬಿನ ದುಂಬಿಗಳೂ ಇದ್ವು ನೋಡಿ! ನಮ್ಮ ತೆಂಗಿನ ತೋಟಕ್ಕೆ ಬೀಳೋ ಕುರುವಾಯಿ ಉಂಟಲ್ಲ, ಅದರ ಹಾಗೇ ಕಾಣೋದು, ಮೂತಿ ಮೇಲಿನ ಕೊಂಬನ್ನೂ ಬಿಡದೆ ಮಾಡಿದ್ದಾರೆ. ಗೊಬ್ಬರದ ಗುಂಡಿ, ಕುರಿ ಹಟ್ಟಿ ಜೊತೆ ದಿನಾ ಬದುಕಿದವರಿಗೆ ಮಾತ್ರ ಇದು ಹೊಳೀತದೆ, ಅರಮನೆಯ ಕಲಾವಿದನಿಗಲ್ಲ.

ದನಗಳನ್ನು ಹತ್ರದಿಂದ ನೋಡಿ. ಮಣ್ಣು ಉರುಳಿಸಿ ಮೈ ಮಾಡಿ, ನಾಲ್ಕು ಕಾಲು ಎಳೆದು, ಕೊಂಬು ಚಿವುಟಿ ನಿಲ್ಲಿಸಿದ್ದಾರೆ ಅಷ್ಟೆ. ಒರಟು ಕೆಲಸ ಅಂತ ದಾಟಿಹೋಗೋರಿಗೆ ನಾನು ಬೆಳ್ತಂಗಡಿ ತಾಲೂಕಿನ ಸುರ್ಯದ ಸದಾಶಿವರುದ್ರ ದೇವಸ್ಥಾನದ ವಿಷಯ ಹೇಳ್ತೇನೆ. ಅಲ್ಲಿ ಈಗಲೂ ಮಣ್ಣಿನದ್ದೇ ಹರಕೆ, ಮಗು ಬೇಕಾದವರು ಮಗುವಿನ ಗೊಂಬೆ, ಮನೆ ಆಗ್ಬೇಕಾದವರು ಮನೆ, ಕಾಲುನೋವಿನವರು ಕಾಲು, ಹಟ್ಟಿಗೆ ಏನಾದ್ರೂ ಆದ್ರೆ ದನ ಕರು, ಎಲ್ಲ ಹೋಗಿ ಬನದಲ್ಲಿ ಸೇರ್ತದೆ, ಮಳೆಗೆ ನೆನೀತದೆ, ಪಾಚಿ ಹಿಡೀತದೆ, ಅದನ್ನು ಯಾರೂ ಚಂದ ಉಂಟಾ ಇಲ್ವಾ ಅಂತ ನೋಡೋದಿಲ್ಲ. ಒಪ್ಪಿಸಿದ ಮೇಲೆ ಅದು ದೇವರದ್ದು.

ಹಾಗಂತ ಎರಡೂ ಒಂದೇ ಅಂತ ನಾನು ಹೇಳೋದಿಲ್ಲ. ಸುರ್ಯದ್ದು ಮರಗಳ ನೆರಳಿನ ಬನ, ಕ್ರೀಟ್‌ನವರದ್ದು ಗಾಳಿ ಬಡಿಯೋ ಬೋಳು ಬೆಟ್ಟ, ಅಲ್ಲಿ ಬೆಂಕಿ ಹಾಕ್ತಿದ್ರು, ಕ್ರೀಟ್‌ನದ್ದೇ ಇನ್ನೊಂದು ಪೂಜಾಸ್ಥಳವಾದ ಯುಕ್ತಾಸ್ ಬೆಟ್ಟದಲ್ಲಂತೂ ಬಂಡೆಯ ಆಳವಾದ ಸೀಳಿನೊಳಗೆ ಹರಕೆ ವಸ್ತುಗಳನ್ನು ಹಾಕ್ತಿದ್ರು. ಅದೇ ಬೆಟ್ಟದ ಮೇಲೆ ಈಗ ಚರ್ಚ್ ಉಂಟು, ಆಗಸ್ಟ್ 6ಕ್ಕೆ ಜಾತ್ರೆ. ಗ್ರೀಸ್‌ನ ಚರ್ಚುಗಳಲ್ಲಿ ಇವತ್ತಿಗೂ ಕಣ್ಣು, ಕಾಲು, ಮಗು ಅಚ್ಚೊತ್ತಿದ ಲೋಹದ ತಗಡು ತಂದು ದೇವರ ಪಟದ ಹತ್ರ ಕಟ್ತಾರೆ, ತಾಮತಾ ಅಂತಾರೆ ಅದಕ್ಕೆ. ಮಿನೋವನ್ನರಿಂದಲೇ ಬಂದದ್ದು ಅಂತ ಗೆರೆ ಎಳೆಯೋದು ತಪ್ಪು, ನಡುವೆ ಸಾವಿರಾರು ವರ್ಷ, ಬೇರೆ ಧರ್ಮ. ಆದ್ರೆ ತಾಮತಾ ಕಟ್ಟೋ ಅಜ್ಜಿಗೂ ಸುರ್ಯಕ್ಕೆ ಹೋಗೋ ನಮ್ಮ ಅಮ್ಮಂದಿರಿಗೂ ಆ ಮಣ್ಣಿನ ಕಾಲು ಯಾಕೆ ಅಂತ ವಿವರಿಸೋದು ಬೇಡ.

ಅದಕ್ಕೇ ನನಗೆ ಅನಿಸೋದು, ಮ್ಯೂಸಿಯಂಗಳು ಚಂದ ಇರೋ ಹತ್ತು ಗೊಂಬೆ ಆರಿಸಿ ಸಾಲಾಗಿ ನಿಲ್ಲಿಸೋದಕ್ಕಿಂತ, ಮುರಿದ ಕಾಲು, ಕೊಂಬು, ಬಾಲ ಸಮೇತ ಒಂದು ರಾಶಿ ಹಾಗೇ ತೋರಿಸ್ಲಿ. ಹರಕೆ ಅಂದ್ರೆ ಒಬ್ಬರದ್ದಲ್ಲ, ಊರಿಡೀ ಬಂದು ಹಾಕಿದ್ದು ಅಂತ ಆಗ ಕಾಣ್ತದೆ.