ಬೇರಿಂಗ್ ಕೂರಿಸುವ ಮಜೂರಿಗೆ ಚೌಕಾಸಿ ಬೇಡ

ಒಂದೇ ವರ್ಷದಲ್ಲಿ ನನ್ನ ಕಾರಿನ ಮುಂದಿನ ಬಲಚಕ್ರದ ಬೇರಿಂಗನ್ನು, ಅಂದರೆ ಚಕ್ರ ಸರಾಗವಾಗಿ ತಿರುಗಲೆಂದು ಎರಡು ಬಳೆಗಳ ನಡುವೆ ಗುಂಡುಗಳಿರುವ ಭಾಗವನ್ನು, ಎರಡು ಸಲ ಬದಲಾಯಿಸಿದೆ. ಮೊದಲ ಸಲ ಕೊಟ್ಟದ್ದು 1,400 ರೂಪಾಯಿ, ಎರಡನೆಯ ಸಲ 3,990. ನನಗೆ ದುಬಾರಿಯಾದದ್ದು ಆ 1,400.

ಉಡುಪಿಯಿಂದ ಮಂಗಳೂರಿಗೆ ವಾರಕ್ಕೆ ಐದು ದಿನ ಹೋಗಿಬರುತ್ತೇನೆ. ಕಟಪಾಡಿ ದಾಟಿ ವೇಗ 60 ಮುಟ್ಟಿತೆಂದರೆ ಮುಂಭಾಗದಿಂದ ‘ಗುಂಯ್’ ಎಂಬ ಸದ್ದು. ಟಯರ್ ಸವೆದಿರಬೇಕು ಎಂದುಕೊಂಡು ಒಂದು ತಿಂಗಳು ದೂಡಿದೆ. ಆದರೆ ಟಯರಿನ ಸದ್ದು ರಸ್ತೆ ಬದಲಾದಂತೆ ಬದಲಾಗುತ್ತದೆ, ಇದು ಹಾಗಿರಲಿಲ್ಲ. ಎಡತಿರುವಿನಲ್ಲಿ ಕಾರಿನ ಭಾರ ಬಲಚಕ್ರಕ್ಕೆ ವಾಲಿದಾಗ ಸದ್ದು ಏರುತ್ತಿತ್ತು, ಬಲತಿರುವಿನಲ್ಲಿ ತಗ್ಗುತ್ತಿತ್ತು. ಕೆಟ್ಟದ್ದು ಬಲಗಡೆಯದು.

ಮನೆ ಹತ್ತಿರದ ಗ್ಯಾರೇಜಿನಲ್ಲಿ ಬೇರಿಂಗಿಗೆ 900, ಮಜೂರಿ 700 ಎಂದರು. ಮಜೂರಿಯನ್ನು 500ಕ್ಕೆ ಇಳಿಸಿದವನು ನಾನೇ. ಬೇರಿಂಗನ್ನು ನೇರವಾಗಿ ಒತ್ತಿ ಕೂರಿಸುವ ಪ್ರೆಸ್ ಯಂತ್ರ ಅಲ್ಲಿ ಇರಲಿಲ್ಲ. ಸುತ್ತಿಗೆಯಿಂದ ಬಡಿದು ಕೂರಿಸುವುದನ್ನು ಕಣ್ಣಾರೆ ಕಂಡೂ ಸುಮ್ಮನಿದ್ದೆ. ದೀಪಾವಳಿ ಬರುವಷ್ಟರಲ್ಲಿ ಸದ್ದು ಮತ್ತೆ ಹಾಜರು.

ಈ ಬೇರಿಂಗನ್ನು ಒಳಗೆ ಒತ್ತುವಾಗ ಬಲ ಬೀಳಬೇಕಾದದ್ದು ಅದರ ಹೊರಬಳೆಯ ಮೇಲೆ ಮಾತ್ರ. ಒಳಬಳೆಗೆ ಪೆಟ್ಟು ಬಿದ್ದರೆ ಅದು ಗುಂಡುಗಳ ಮೂಲಕ ಹಾದು, ಅವು ಉರುಳುವ ನುಣುಪಾದ ಹಾದಿಯಲ್ಲಿ ಸಣ್ಣ ಸಣ್ಣ ಗುಳಿ ಮೂಡಿಸುತ್ತದೆ. ಹೊಸ ಬೇರಿಂಗ್ ಹಾಕಿದ ದಿನವೇ ಹಳತಾಗುವುದು ಹೀಗೆ. ಅದರ ಮೇಲೆ ನಮ್ಮ ಮಳೆಗಾಲ. ಬೇರಿಂಗಿನ ಬದಿ ಮುಚ್ಚುವ ಸೀಲ್ ಸ್ವಲ್ಪ ಜಖಂ ಆಗಿದ್ದರೂ ಸಾಕು, ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ನಿಂತ ನೀರು ಒಳಹೊಕ್ಕು ಗ್ರೀಸನ್ನು ಕೆಡಿಸುತ್ತದೆ.

ಎರಡನೆಯ ಸಲ ಒಂದು ಸರ್ವಿಸ್ ಸೆಂಟರಿನಲ್ಲಿ ಕೇಳಿದೆ. ಎರಡೂ ಬದಿಯ ಬೇರಿಂಗ್, ಎರಡೂ ಹಬ್ (ಚಕ್ರವನ್ನು ಬಿಗಿಯುವ ನಡುಭಾಗ) ಸೇರಿ 12,800 ರೂಪಾಯಿಯ ಎಸ್ಟಿಮೇಟ್ ಕೊಟ್ಟರು. ಎಡಗಡೆಯದಕ್ಕೆ ಏನಾಗಿದೆ ಎಂದರೆ, “ಜೋಡಿಯಾಗಿಯೇ ಹಾಕುವುದು ಸರ್” ಎಂಬ ಉತ್ತರ. ಬ್ರೇಕ್ ಪ್ಯಾಡ್ ಜೋಡಿಯಾಗಿ ಹಾಕಬೇಕು, ಒಪ್ಪುತ್ತೇನೆ. ಬೇರಿಂಗಿಗೆ ಆ ಕಟ್ಟುಪಾಡು ಇಲ್ಲ. ಸದ್ದೂ ಇಲ್ಲದ, ಅಲುಗಾಟವೂ ಇಲ್ಲದ ಬೇರಿಂಗನ್ನು ಕಿತ್ತು ಹಾಕಿಸಿ ಹಣ ಕೇಳುವುದು ಅನ್ಯಾಯ.

ಕೊನೆಗೆ ಹೋದದ್ದು ಸುರತ್ಕಲ್ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ. ಅವರು ಕಾರನ್ನು ಎತ್ತಿ ಸ್ಟ್ಯಾಂಡ್ ಕೊಟ್ಟು, ನನ್ನ ಅಂಗೈಯನ್ನು ಸಸ್ಪೆನ್ಷನ್ ಸ್ಪ್ರಿಂಗಿನ ಮೇಲೆ ಇರಿಸಿ, ಚಕ್ರವನ್ನು ಕೈಯಿಂದಲೇ ತಿರುಗಿಸಿದರು. “ಗೊತ್ತಾಯಿತಾ ಮಾರಾಯರೇ?” ಬೀಸುಕಲ್ಲಿನಲ್ಲಿ ಮರಳು ಸಿಕ್ಕಿದಂಥ ಅದುರು ಸ್ಪ್ರಿಂಗಿನಿಂದ ಕೈಗೆ ಬಂತು. ಎಡಬದಿಯಲ್ಲಿ ಕೈ ಇಟ್ಟೆ, ಏನೂ ಇಲ್ಲ. 12,800ರ ಎಸ್ಟಿಮೇಟ್ ಬರೆದವರು ಈ ಎರಡು ನಿಮಿಷದ ಪರೀಕ್ಷೆಯನ್ನೂ ಮಾಡಿರಲಿಲ್ಲ.

ಹಬ್ಬಿಗೆ ಕಚ್ಚಿಕೊಂಡಿದ್ದ ಹಳೆಯ ಒಳಬಳೆಯನ್ನು ಬಿಡಿಸಲೆಂದೇ ಅವರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಹೊಸ ಬೇರಿಂಗ್ ಕೂರಿಸುವ ಮೊದಲು ಗುಂಡುಸೂಜಿಯೊಂದನ್ನು ಅದರ ಎರಡೂ ಮುಖಕ್ಕೆ ತಾಗಿಸಿದರು. ಒಂದು ಮುಖ ಸೂಜಿಯನ್ನು ಮೆಲ್ಲಗೆ ಸೆಳೆಯಿತು. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್‌ನ ಸೆನ್ಸರ್ ಓದುವ ಕಾಂತದ ಪಟ್ಟಿ ಇರುವುದು ಆ ಬದಿಯಲ್ಲಿ. ತಿರುವುಮುರುವಾಗಿ ಕೂರಿಸಿದರೆ ಎಬಿಎಸ್ ದೀಪ ಹೊತ್ತಿಕೊಳ್ಳುತ್ತದೆ, ಮತ್ತೆ ಎಲ್ಲವನ್ನೂ ಬಿಚ್ಚಬೇಕು. ಬಳಿಕ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒಂದೇ ನೇರಕ್ಕೆ ಒತ್ತಿದರು. ಸುತ್ತಿಗೆಯನ್ನು ಹತ್ತಿರವೂ ತರಲಿಲ್ಲ.

ಬೇರಿಂಗ್ 1,750, ಹೊಸ ಆಕ್ಸಲ್ ನಟ್ ಮತ್ತು ಸರ್ಕ್ಲಿಪ್ 240, ಮಜೂರಿ 1,600, ಅಲೈನ್‌ಮೆಂಟ್ 400. ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರ ಬದಲು ಶೇ 18 ಆಗಿದೆ. ಆದ್ದರಿಂದ ಬಿಲ್ ಕೇಳಿ ಪಡೆಯಿರಿ. ಬಿಲ್ ಇಲ್ಲದ ಬೇರಿಂಗ್ ಅಸಲಿಯೋ ನಕಲಿಯೋ ಎಂದು ಕೇಳಲು ಆಮೇಲೆ ಯಾರೂ ಸಿಗುವುದಿಲ್ಲ. ಬಿಚ್ಚಿದ ಹಳೆಯದನ್ನೂ ಕೇಳಿ ತೆಗೆದುಕೊಳ್ಳಿ. ನಾನು ತಂದಿದ್ದೇನೆ. ತಿರುಗಿಸಿದರೆ ಕರಕರ ಎನ್ನುತ್ತದೆ, ಸೀಲಿನ ಅಂಚಿನಲ್ಲಿ ತುಕ್ಕುಬಣ್ಣದ ಗ್ರೀಸ್ ಮೆತ್ತಿಕೊಂಡಿದೆ.

ಎಡಚಕ್ರದಲ್ಲಿ ಇನ್ನೂ ಕಂಪನಿಯ ಬೇರಿಂಗೇ ಇದೆ. 1,10,000 ಕಿಲೋಮೀಟರ್ ಓಡಿಯೂ ತಣ್ಣಗಿದೆ. ಅದು ಸದ್ದು ಮಾಡಿದ ದಿನ ನೇರವಾಗಿ ಸುರತ್ಕಲ್‌ಗೆ ಹೋಗಿ, ಅವರು ಹೇಳಿದ ಮಜೂರಿಯನ್ನು ಎಣಿಸಿ ಕೊಡುತ್ತೇನೆ.