ಎರಡು ನಿಮಿಷ ಜಾಸ್ತಿಯಾಯ್ತು
ನಿಮ್ಮ ರೆಸಿಪಿಯಲ್ಲಿ, ನಡುವೆ ಪೀನಟ್ ಬಟರ್ ಕರಗಿ ಹರಿಯೋ ಮಗ್ಗಿನ ಲಾವಾ ಕೇಕಿಗೆ ಮೈಕ್ರೋವೇವ್‌ನಲ್ಲಿ ಎರಡು ನಿಮಿಷ ಅಂತ ಬರೆದಿದ್ದೀರಿ. ಹಾಗೇ ಇಟ್ಟೆ. ಲಾವಾ ಎಲ್ಲಿಂದ ಬರಬೇಕು, ಒಳಗೆಲ್ಲ ಬ್ರೆಡ್ಡು! ನಮ್ಮದು 900 ವ್ಯಾಟ್‌ನದ್ದು; ಎರಡನೇ ಸಲ 50 ಸೆಕೆಂಡಿಗೇ ನಿಲ್ಲಿಸಿದೆ, ನಡುವೆ ಇನ್ನೂ ಒದ್ದೆಯಿತ್ತು. ಹೊರಗೆ ತೆಗೆದ ಮೇಲೂ ಸ್ವಲ್ಪ ಹೊತ್ತು ಒಳಬಿಸಿಯಲ್ಲೇ ಬೇಯುತ್ತೆ, ಅದನ್ನ ಹೇಳಬೇಕಿತ್ತು ನೀವು.

ಪೀನಟ್ ಬಟರ್‌ಗೋಸ್ಕರ ಈ ಮಳೇಲಿ ತೀರ್ಥಹಳ್ಳಿ ಪೇಟೆಗೆ ಯಾರು ಹೋಗ್ತಾರೆ? ಹುರಿದ ಶೇಂಗಾದ ಸಿಪ್ಪೆ ಉಜ್ಜಿ ಮಿಕ್ಸಿಗೆ ಹಾಕಿದೆ. ಮೊದಲು ಪುಡಿ, ಆಮೇಲೆ ಉಂಡೆ. ಬಿಡದೆ ತಿರುಗಿಸಿದರೆ ತನ್ನ ಎಣ್ಣೆಯಲ್ಲೇ ಸಡಿಲಾಗಿ ಮಿರಮಿರ ಅನ್ನುತ್ತೆ. ಚಿಟಿಕೆ ಉಪ್ಪು, ಒಂದು ಚಮಚ ಜೋನಿಬೆಲ್ಲ. ಫ್ರೀಜರಿನಲ್ಲಿ ಗಟ್ಟಿ ಮಾಡಿ ಹಿಟ್ಟಿನ ನಡುವೆ ಹುದುಗಿಸಿದ್ದು.

ಕರೆಂಟು ಹೋಗೋದ್ರೊಳಗೆ ಮೂರು ಮಗ್ಗು ಆಯ್ತು. ಅತ್ತೆ ಮಾತ್ರ 'ಹಲಸಿನ ಕಡುಬಿಗೆ ಇಷ್ಟು ರಗಳೆ ಇಲ್ಲ' ಅಂತ ಹೇಳ್ತಲೇ ಚಮಚ ನೆಕ್ಕಿದರು.