ಹೊಟ್ಟೆನೋವಿಗೆ ಹೆಸರಿಡಲು ಇಷ್ಟೊಂದು ಅವಸರ ಯಾಕೆ?

ನಮ್ಮ ಕಡೆ ಹೊಟ್ಟೆ ಸರಿಯಿಲ್ಲ ಎಂದು ಬಾಯಿಬಿಟ್ಟರೆ ಸಾಕು, ಎದುರಿಗಿದ್ದವರು ನಿಂತಲ್ಲೇ ರೋಗಕ್ಕೆ ನಾಮಕರಣ ಮಾಡಿ ಮುಗಿಸುತ್ತಾರೆ. ಬಹುಪಾಲು ಜನರಿಗೆ ಅದು ಗ್ಯಾಸ್ಟ್ರಿಕ್. ಹಿರಿಯರಿಗೆ ಉಷ್ಣ. ರಕ್ತ ಹೋಗುತ್ತದೆ ಎಂದರೆ ಮೂಲವ್ಯಾಧಿ, ತೂಕ ಇಳಿದಿದೆ ಎಂದರೆ ಜಂತುಹುಳ, ಕೆಲಸಕ್ಕೆ ಹೋಗುವ ಹೆಂಗಸಾದರೆ ಟೆನ್ಷನ್. ಹೊಕ್ಕುಳು ಸರಿದಿರಬೇಕು ಎಂದು ಹರಳೆಣ್ಣೆ ಹಿಡಿದು ಮನೆ ಬಾಗಿಲಿಗೇ ಬಂದವರೂ ಇದ್ದಾರೆ. ಇಷ್ಟೂ ಹೆಸರುಗಳನ್ನು ನಾನು ಒಂದಾದ ಮೇಲೊಂದು ಹೊತ್ತು ತಿರುಗಿದ್ದೇನೆ, ಒಂದೊಂದಕ್ಕೂ ಬೇರೆ ಬೇರೆ ಔಷಧ ನುಂಗಿದ್ದೇನೆ. ಕೊನೆಗೆ ಅದು ಕ್ರೋನ್ಸ್ ಕಾಯಿಲೆ, ಅಂದರೆ ಕರುಳಿನಲ್ಲಿ ಉರಿಯೂತವೂ ಹುಣ್ಣೂ ಆಗುವ ದೀರ್ಘಕಾಲದ ಕಾಯಿಲೆ, ಎಂದು ಗೊತ್ತಾಗಿ ಈಗ ಚಿಕಿತ್ಸೆ ನಡೆಯುತ್ತಿದೆ. ಈ ನಡುವೆ ‘ಇವತ್ತಿನ ಮಟ್ಟಿಗೆ ನನಗೆ ಗೊತ್ತಿಲ್ಲ’ ಎಂದ ವೈದ್ಯರೊಬ್ಬರು ಬೆಂಗಳೂರಿನಲ್ಲಿ ಸಿಕ್ಕಿದ್ದರು. ನಮ್ಮ ನೆಂಟರಿಷ್ಟರ ಬಾಯಲ್ಲಿ ಇವತ್ತಿಗೂ ಅವರು ‘ಏನೂ ಗೊತ್ತಿಲ್ಲದ ಡಾಕ್ಟರು’. ಅವರ ಪರವಾಗಿ ನಾಲ್ಕು ಮಾತು ಹೇಳಬೇಕಿದೆ.

ಮಲದ ವಿಷಯ ಬರುತ್ತದೆ, ಊಟದ ಹೊತ್ತಿನಲ್ಲಿದ್ದರೆ ಆಮೇಲೆ ಓದಿ.

ನಾನು ಕಡೂರಿನ ಕಡೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುವವಳು. ಊಟವಾದ ಗಂಟೆಯೊಳಗೆ ಹೊಟ್ಟೆಯ ಬಲಭಾಗದ ಕೆಳಗೆ ಹಿಂಡಿದಂತಾಗುತ್ತಿತ್ತು. ಆಮೇಲೆ ಭೇದಿ. ಸಂಜೆಯಾದರೆ ಸಣ್ಣ ಜ್ವರ, ಬಾಯಲ್ಲಿ ಹುಣ್ಣು, ಮಂಡಿ ಮತ್ತು ಹರಡುಗಳಲ್ಲಿ ನೋವು, ಆಗೊಮ್ಮೆ ಈಗೊಮ್ಮೆ ಮಲದಲ್ಲಿ ರಕ್ತ. ಎಲ್ಲಕ್ಕಿಂತ ಮುಖ್ಯವಾದದ್ದು ರಾತ್ರಿಯ ಕಾಟ. ಗಾಢ ನಿದ್ದೆಯಲ್ಲಿದ್ದವಳನ್ನು ಹೊಟ್ಟೆಯೇ ಎಬ್ಬಿಸಿ ಶೌಚಾಲಯಕ್ಕೆ ಓಡಿಸುತ್ತಿತ್ತು. ಎಷ್ಟು ಸಲ ಹೋಗುತ್ತೀರಿ ಎಂದು ಎಲ್ಲರೂ ಕೇಳಿದರು. ನಿದ್ದೆಯಿಂದ ಎಚ್ಚರವಾಗುತ್ತದೆಯೇ ಎಂದು ಬಹಳ ಕಾಲ ಯಾರೂ ಕೇಳಲಿಲ್ಲ. ‘ಇದು ಐಬಿಎಸ್, ಮನಸ್ಸಿಗೆ ಹಚ್ಚಿಕೊಳ್ಳಬೇಡಿ’ ಎಂದು ಕಳಿಸಿದವರೂ ಕೇಳಲಿಲ್ಲ. ಐಬಿಎಸ್ ಎಂದರೆ ಹುಣ್ಣು, ಉರಿಯೂತ ಇಲ್ಲದೆಯೇ ಕರುಳಿನ ಕೆಲಸ ಹದ ತಪ್ಪಿ ನೋವು, ಭೇದಿ ಇಲ್ಲವೇ ಮಲಬದ್ಧತೆ ಬರುವ ತೊಂದರೆ. ಐಬಿಎಸ್ ಇರುವವರ ನೋವು ಸುಳ್ಳಲ್ಲ, ಅವರೂ ಸಾಕಷ್ಟು ಅನುಭವಿಸುತ್ತಾರೆ. ಆದರೆ ಐಬಿಎಸ್‌ನಿಂದ ಕರುಳು ಹುಣ್ಣಾಗುವುದಿಲ್ಲ, ರಕ್ತ ಬರುವುದಿಲ್ಲ, ಜ್ವರ ಬರುವುದಿಲ್ಲ, ಹಿಮೋಗ್ಲೋಬಿನ್ ಕುಸಿಯುವುದಿಲ್ಲ. ಇವುಗಳಲ್ಲಿ ಒಂದಿದ್ದರೂ, ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೂ, ಇನ್ನೂ ಆಳಕ್ಕೆ ಹೋಗಿ ಹುಡುಕಲೇಬೇಕು.

ಹುಡುಕುವ ಬದಲು ನನ್ನನ್ನು ಬಿಡಿಬಿಡಿಯಾಗಿ ಹಂಚಿಕೊಂಡರು. ಹಿಮೋಗ್ಲೋಬಿನ್ ಕಡಿಮೆ ಇದೆಯೇ, ಹೆಂಗಸರಲ್ಲಿ ಇದು ಸಾಮಾನ್ಯ ಎಂದು ಕಬ್ಬಿಣದ ಮಾತ್ರೆ. ರಕ್ತಕ್ಕೆ ಮೂಲವ್ಯಾಧಿಯ ಮುಲಾಮು. ಭೇದಿಗೆ ಅಮೀಬಾ ಇರಬಹುದೆಂದು ಮೆಟ್ರೊನಿಡಜೋಲ್, ಬಾಯಿಹುಣ್ಣಿಗೆ ಬಿ ಕಾಂಪ್ಲೆಕ್ಸ್. ಮಂಡಿನೋವಿಗೆ ನೋವುನಿವಾರಕ, ಅದರಲ್ಲಿ ಕೆಲವು ಬಗೆಯವು ಕರುಳಿನ ಉರಿಯೂತವನ್ನು ಇನ್ನಷ್ಟು ಕೆಣಕಬಲ್ಲವು ಎಂದು ಆಮೇಲೆ ತಿಳಿಯಿತು. ಮನೆಯಲ್ಲಿ ಅತ್ತೆಯವರು ದಾಳಿಂಬೆ ಸಿಪ್ಪೆಯ ಕಷಾಯ, ಮೆಂತ್ಯ ಕದಡಿದ ಮಜ್ಜಿಗೆ ಕೊಡುತ್ತಿದ್ದರು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಕುಡಿದ ಮೇಲೆ ‘ಏನಾದರೂ ವಾಸಿ ಅನ್ನಿಸಿತೇನಮ್ಮ’ ಎಂದು ವಿಚಾರಿಸುತ್ತಿದ್ದರು, ಇಲ್ಲವೆಂದರೆ ಒಪ್ಪಿಕೊಳ್ಳುತ್ತಿದ್ದರು. ಚೀಟಿ ಬರೆದವರಲ್ಲಿ ಅಷ್ಟನ್ನು ಮಾಡಿದವರು ಕಡಿಮೆ. ರಕ್ತ, ಜ್ವರ, ತೂಕ, ಮಂಡಿ, ಬಾಯಿ ಎಲ್ಲ ಒಂದೇ ದೇಹದ್ದು, ಒಂದೇ ಕಾರಣ ಇರಬಹುದು ಎಂದು ಕೂಡಿಸಿ ನೋಡುವುದಕ್ಕೆ ಯಾರಿಗೂ ಪುರಸೊತ್ತಿರಲಿಲ್ಲ. ಹೊರರೋಗಿ ವಿಭಾಗದ ಸಾಲು ಎಷ್ಟುದ್ದ ಇರುತ್ತದೆಂದು ನಾನೂ ನೋಡಿದ್ದೇನೆ, ಅವರ ಕಷ್ಟ ಅರ್ಥವಾಗುತ್ತದೆ. ಆದರೂ ‘ಇದು ನನಗೆ ತಿಳಿಯುತ್ತಿಲ್ಲ, ದೊಡ್ಡ ಆಸ್ಪತ್ರೆಗೆ ಹೋಗಿ’ ಎಂದು ಬರೆಯಲು ಮೂಲವ್ಯಾಧಿಯ ಮುಲಾಮು ಬರೆಯುವುದಕ್ಕಿಂತ ಹೆಚ್ಚು ಸಮಯ ಬೇಕಾಗುವುದಿಲ್ಲ.

ಬೆಂಗಳೂರಿಗೆ ಹೋಗುವುದೇ ಒಂದು ಪ್ರಯಾಸ. ಬಸ್ಸು ಸಾಧ್ಯವೇ ಇಲ್ಲ. ನಡುದಾರಿಯಲ್ಲಿ ಕಂಡಕ್ಟರ್ ಬಳಿ ಹೋಗಿ ಹೆಂಗಸೊಬ್ಬಳು ಏನೆಂದು ಕೇಳಿಕೊಳ್ಳಬೇಕು? ರೈಲಿನಲ್ಲಿ ಶೌಚಾಲಯ ಇರುತ್ತದೆ ಎಂಬ ಒಂದೇ ಕಾರಣಕ್ಕೆ ರೈಲು. ಹಿಂದಿನ ರಾತ್ರಿಯಿಂದ ಊಟ ಬಿಟ್ಟಿರುವುದು, ಬೋಗಿಯ ಬಾಗಿಲ ಹತ್ತಿರದ ಸೀಟು ಹುಡುಕುವುದು, ಇಳಿದ ಮೇಲೆ ಆಸ್ಪತ್ರೆಯವರೆಗೆ ದಾರಿಯಲ್ಲಿ ಎಲ್ಲೆಲ್ಲಿ ಶೌಚಾಲಯ ಇದೆ ಎಂದು ಲೆಕ್ಕ ಹಾಕುವುದು. ಈ ಕಾಯಿಲೆಯವರಿಗೆಲ್ಲ ಊರಿನ ನಕ್ಷೆ ಇದೇ ಆಗಿರುತ್ತದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2005ರಲ್ಲಿ ಒಂದು ಕಾನೂನು ಬಂದಿತು. ಇಂಥ ಕಾಯಿಲೆ ಇರುವವರು ಕೇಳಿದರೆ ಅಂಗಡಿಯವರು ಸಿಬ್ಬಂದಿಯ ಶೌಚಾಲಯವನ್ನಾದರೂ ಬಿಟ್ಟುಕೊಡಬೇಕು. ಅದಕ್ಕಾಗಿ ಹೋರಾಡಿದವಳು ಕ್ರೋನ್ಸ್ ಇದ್ದ ಒಬ್ಬ ಹುಡುಗಿ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಕರುಳಿನ ಕಾಯಿಲೆಯ ಹೆಸರಿಲ್ಲ. ಹೊರಗೆ ನೋಡಿದರೆ ನಾವು ಗಟ್ಟಿಮುಟ್ಟಾಗಿಯೇ ಕಾಣುತ್ತೇವಲ್ಲ.

ಬೆಂಗಳೂರಿನ ಆ ವೈದ್ಯರು ಮೊದಲು ಮಾಡಿಸಿದ್ದು ಮಲದ ಪರೀಕ್ಷೆ, ಕ್ಯಾಲ್‌ಪ್ರೊಟೆಕ್ಟಿನ್ ಎಂದು. ಕರುಳಿನಲ್ಲಿ ಉರಿಯೂತ ಇದ್ದರೆ ಬಿಳಿ ರಕ್ತಕಣಗಳ ಈ ಪ್ರೋಟೀನು ಮಲದಲ್ಲಿ ಹೆಚ್ಚಾಗಿ ಕಾಣುತ್ತದೆ. ನನ್ನದು ಮೇಲೇರಿ ಕುಳಿತಿತ್ತು. ಟೆನ್ಷನ್ ಎಂಬ ಹೆಸರು ಅಲ್ಲಿಗೆ ಬಿದ್ದುಹೋಯಿತು. ಮುಂದಿನದು ಕೊಲೊನೋಸ್ಕೋಪಿ, ಗುದದ್ವಾರದ ಮೂಲಕ ಕ್ಯಾಮೆರಾ ಇರುವ ಕೊಳವೆ ಬಿಟ್ಟು ಕರುಳನ್ನು ನೋಡುವ ಪರೀಕ್ಷೆ. ಅದರ ಹೆಸರು ಕೇಳಿಯೇ ಬೆದರುವವರಿಗೆ ಹೇಳುತ್ತೇನೆ, ಪರೀಕ್ಷೆಯ ಹೊತ್ತಿನಲ್ಲಿ ಮಂಪರು ಬರಿಸುತ್ತಾರೆ, ನನಗೇನೂ ತಿಳಿಯಲಿಲ್ಲ. ಕಷ್ಟವೆಲ್ಲ ಹಿಂದಿನ ದಿನ ಕರುಳು ತೊಳೆಯಲು ಕುಡಿಯುವ ಆ ಉಪ್ಪುಪ್ಪು ದ್ರಾವಣದ್ದು. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗದಲ್ಲಿ ಹುಣ್ಣುಗಳಿದ್ದವು, ದೊಡ್ಡ ಕರುಳಿನಲ್ಲೂ ಅಲ್ಲಲ್ಲಿ ತೇಪೆ ಹಾಕಿದಂತೆ ಇದ್ದವು. ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು.

ವರದಿ ಬಂದ ದಿನ ಅವರು ಹೇಳಿದ್ದು ಇಷ್ಟು: ‘ಟೀಚರ್, ಇದು ಒಂದೋ ಕರುಳಿನ ಕ್ಷಯ, ಇಲ್ಲವೇ ಕ್ರೋನ್ಸ್. ಯಾವುದು ಎಂದು ಇವತ್ತು ನಾನು ಹೇಳಲಾರೆ.’

ಜೊತೆಗೆ ಬಂದಿದ್ದ ಭಾವನವರ ಮುಖ ಕೆಂಪಾಯಿತು. ಇಷ್ಟು ದುಡ್ಡು ಖರ್ಚು ಮಾಡಿಸಿ ಗೊತ್ತಿಲ್ಲ ಎಂದರೆ ಹೇಗೆ ಎಂಬುದು ಅವರ ಸಿಟ್ಟು. ಎಲ್ಲರಿಗೂ ಹಾಗೇ ಅನ್ನಿಸುತ್ತದೆ. ಆದರೆ ಈ ಎರಡು ಕಾಯಿಲೆಗಳು ಎಷ್ಟು ಹೋಲುತ್ತವೆ ನೋಡಿ. ಎರಡೂ ಹೆಚ್ಚಾಗಿ ಕೂರುವುದು ಅದೇ ಜಾಗದಲ್ಲಿ. ಎರಡರಲ್ಲೂ ನೋವು, ಜ್ವರ, ತೂಕ ಇಳಿಕೆ. ಸೂಕ್ಷ್ಮದರ್ಶಕದಲ್ಲಿ ಎರಡರಲ್ಲೂ ಗ್ರ್ಯಾನ್ಯುಲೋಮ ಎಂಬ ಜೀವಕೋಶಗಳ ಗಂಟು ಕಾಣಬಹುದು. ಆ ಗಂಟಿನ ನಡುಭಾಗ ಸತ್ತು ಗಿಣ್ಣಿನಂತಾಗಿದ್ದರೆ ಕ್ಷಯ ಎನ್ನಬಹುದು, ಆದರೆ ಬಹಳಷ್ಟು ರೋಗಿಗಳಲ್ಲಿ ಅದು ಕಾಣಸಿಗುವುದಿಲ್ಲ. ಕರುಳಿನ ಕ್ಷಯದಲ್ಲಿ ರೋಗಾಣುಗಳ ಸಂಖ್ಯೆಯೇ ಕಡಿಮೆ. ಆದ್ದರಿಂದ ರೋಗಾಣುವಿನ ಡಿಎನ್ಎ ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಯಲ್ಲಿ ಇಲ್ಲ ಎಂದು ಬಂದರೂ ಕ್ಷಯವಿಲ್ಲ ಎಂದು ಖಚಿತವಾಗುವುದಿಲ್ಲ. ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ವಾರಗಟ್ಟಲೆ ಹಿಡಿಯುತ್ತದೆ. ತೋಳಿನ ಚರ್ಮಕ್ಕೆ ಚುಚ್ಚಿ ನೋಡುವ ಮಾಂಟೂ ಪರೀಕ್ಷೆಯಲ್ಲಿ ಆ ಜಾಗ ಊದಿದರೂ ಹೆಚ್ಚೇನೂ ತಿಳಿಯದು, ಒಂದಲ್ಲ ಒಂದು ಕಾಲದಲ್ಲಿ ಕ್ಷಯದ ಸೋಂಕು ತಾಗಿ, ಅದು ಕಾಯಿಲೆಯಾಗದೆ ಮೈಯೊಳಗೆ ಸುಮ್ಮನಿರುವ ಜನ ನಮ್ಮಲ್ಲಿ ಅಷ್ಟಿದ್ದಾರೆ. ರಕ್ತದಲ್ಲಿ ಪ್ರತಿಕಾಯ ನೋಡಿ ಕ್ಷಯ ಹೌದು, ಅಲ್ಲ ಎಂದು ಥಟ್ಟನೆ ಹೇಳುತ್ತಿದ್ದ ಕಿಟ್‌ಗಳೂ ಇದ್ದವು. ಅವುಗಳ ಮಾತು ನಂಬುವಂತಿಲ್ಲ ಎಂದು ಸರ್ಕಾರವೇ 2012ರಲ್ಲಿ ನಿಷೇಧಿಸಿತು.

ಈ ಗೊಂದಲ ಹೊಸದೂ ಅಲ್ಲ. ಗ್ಲಾಸ್ಗೋದ ಡಾಲ್ಝಿಯೆಲ್ ಎಂಬ ಶಸ್ತ್ರವೈದ್ಯ 1913ರಲ್ಲೇ, ಕ್ಷಯದಂತೆ ಕಂಡರೂ ಕ್ಷಯವಲ್ಲದ ಕರುಳಿನ ಕಾಯಿಲೆಯೊಂದರ ಬಗ್ಗೆ ಬರೆದಿದ್ದ. ನ್ಯೂಯಾರ್ಕಿನ ಬರಿಲ್ ಕ್ರೋನ್ ಮತ್ತು ಇಬ್ಬರು ಸಂಗಡಿಗರು 1932ರಲ್ಲಿ 14 ರೋಗಿಗಳ ವಿವರ ಪ್ರಕಟಿಸಿದ ಮೇಲೆ ಅದು ಪ್ರತ್ಯೇಕ ಕಾಯಿಲೆ ಎಂದು ವ್ಯಾಪಕವಾಗಿ ಒಪ್ಪಿತವಾಯಿತು. ಕ್ಷಯ ಅಪರೂಪವಾಗಿರುವ ದೇಶದ ವೈದ್ಯರಿಗೆ ಇವತ್ತು ಈ ತಲೆನೋವು ಅಷ್ಟಾಗಿ ಇಲ್ಲ. ನಮ್ಮ ವೈದ್ಯರಿಗೆ ದಿನನಿತ್ಯ ಇದೆ.

ಊಹೆ ಮಾಡಿ ಒಂದನ್ನು ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತು? ಕ್ರೋನ್ಸ್ ಎಂದು ಸ್ಟೀರಾಯ್ಡ್ ಕೊಟ್ಟು ಅದು ಕ್ಷಯವಾಗಿದ್ದರೆ, ರೋಗನಿರೋಧಕ ಶಕ್ತಿ ಕುಗ್ಗಿ ಕ್ಷಯ ಮೈಯೆಲ್ಲ ಹರಡಬಹುದಿತ್ತು. ಕ್ಷಯ ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗಿಸಿ ಅದು ಕ್ರೋನ್ಸ್ ಆಗಿದ್ದರೆ, ಒಳಗೊಳಗೇ ಕರುಳು ಕಿರಿದಾಗಿ ಆಪರೇಷನ್ನಿಗೆ ಹೋಗಬಹುದಿತ್ತು. ಅವರು ಆರಿಸಿಕೊಂಡದ್ದು ಎರಡು ತಿಂಗಳ ಪರೀಕ್ಷಾರ್ಥ ಕ್ಷಯ ಚಿಕಿತ್ಸೆ, ಆಮೇಲೆ ಇನ್ನೊಮ್ಮೆ ಕೊಲೊನೋಸ್ಕೋಪಿ. ಹುಣ್ಣು ಮಾಗಿದ್ದರೆ ಕ್ಷಯ, ಪೂರ್ತಿ ಅವಧಿ ಮುಗಿಸುವುದು. ಮಾಗದಿದ್ದರೆ ಇನ್ನೊಂದು ದಾರಿ. ಯಾವ ತಾರೀಖಿಗೆ ಬರಬೇಕೆಂದು ಅವತ್ತೇ ಚೀಟಿಯಲ್ಲಿ ಬರೆದರು. ಅವರ ‘ಗೊತ್ತಿಲ್ಲ’ದ ಜೊತೆಗೆ ಗೊತ್ತುಮಾಡಿಕೊಳ್ಳುವ ದಾರಿಯೂ ಗಡುವೂ ಇತ್ತು. ನಾನು ಮೆಚ್ಚಿದ್ದು ಇದನ್ನು. ಇದಿಲ್ಲದೆ ಬರೀ ‘ನೋಡೋಣ’ ಎನ್ನುತ್ತಾ ಮಾತ್ರೆ ಮುಂದುವರಿಸುವವರನ್ನು ನಾನು ಸಮರ್ಥಿಸುತ್ತಿಲ್ಲ.

ಆ ಎರಡು ತಿಂಗಳು ಸುಲಭವಾಗಿರಲಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ, ಹತ್ತು ಗಂಟೆಯವರೆಗೂ ವಾಕರಿಕೆ. ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿ ಮೊದಲ ದಿನ ಗಾಬರಿಯಾಯಿತು. ಕ್ಷಯ ಚಿಕಿತ್ಸೆ ಶುರುವಾದರೆ ಸರ್ಕಾರಕ್ಕೆ ತಿಳಿಸುವುದು 2012ರಿಂದ ಕಡ್ಡಾಯ, ಹಾಗಾಗಿ ಆಶಾ ಕಾರ್ಯಕರ್ತೆ ಮನೆಗೆ ಬಂದರು. ಒಳ್ಳೆಯ ಹೆಣ್ಣುಮಗಳು, ಪೌಷ್ಟಿಕ ಆಹಾರಕ್ಕೆಂದು ಈಗ ತಿಂಗಳಿಗೆ 1000 ರೂಪಾಯಿ ಬರುತ್ತದೆ, 2024ರ ನವೆಂಬರ್‌ಗೆ ಮುಂಚೆ 500 ಇತ್ತು ಎಂದು ವಿವರಿಸಿದರು. ಆದರೆ ಅವರು ಬಂದದ್ದನ್ನು ಬೀದಿ ನೋಡಿತು. ಶ್ವಾಸಕೋಶ ಸ್ವಚ್ಛವಾಗಿದೆ, ಕರುಳಿನ ಕ್ಷಯ ಉಸಿರಿನಿಂದ ಹರಡುವುದಿಲ್ಲ ಎಂದು ನಾನು ಹೇಳುವಷ್ಟರಲ್ಲಿ ಪಕ್ಕದ ಮನೆಯವರು ಮಕ್ಕಳನ್ನು ಒಳಗೆ ಕರೆದಾಗಿತ್ತು. ಶಾಲೆಯಲ್ಲಿ ಮುಖ್ಯೋಪಾಧ್ಯಾಯರು, ‘ಮೇಡಂ, ರಜೆ ಕೊಡೋಣ, ಕಾಯಿಲೆ ಯಾವುದೆಂದು ಮಾತ್ರ ಬರೆದುಕೊಡಿ’ ಎಂದರು. ‘ಇನ್ನೂ ತೀರ್ಮಾನವಾಗಿಲ್ಲ ಸರ್’ ಎಂದೆ. ‘ತೀರ್ಮಾನವಾಗದ ಕಾಯಿಲೆಗೆ ರಜೆ ಹೇಗೆ ಬರೆಯಲಿ?’ ವಿಮೆಯ ಅರ್ಜಿಯಲ್ಲೂ ರೋಗದ ಹೆಸರಿಗೆ ಒಂದೇ ಒಂದು ಗೆರೆ. ವೈದ್ಯರಿಗೂ ಅವಸರದ ಹೆಸರುಗಳು ಯಾಕೆ ಇಷ್ಟೊಂದು ಒಗ್ಗಿಹೋಗಿವೆ ಎಂದು ನನಗೆ ಆಗ ಹೊಳೆಯಿತು. ಸುತ್ತಲಿನ ಪ್ರಪಂಚವೇ ಅವರ ಮುಂದೆ ಕೈಚಾಚಿ ನಿಂತು ಅದನ್ನೇ ಕೇಳುತ್ತದೆ.

ಎರಡನೇ ಕೊಲೊನೋಸ್ಕೋಪಿಯಲ್ಲಿ ಹುಣ್ಣುಗಳು ಹಾಗೇ ಇದ್ದವು. ವಿಚಿತ್ರವೆಂದರೆ ನನಗೆ ಅಷ್ಟರಲ್ಲಿ ಸ್ವಲ್ಪ ಹಾಯೆನಿಸುತ್ತಿತ್ತು, ಜ್ವರ ತಗ್ಗಿತ್ತು. ಕ್ರೋನ್ಸ್ ಇರುವ ಕೆಲವರಿಗೂ ಕ್ಷಯದ ಮಾತ್ರೆಯಿಂದ ಹೀಗೆ ತಾತ್ಕಾಲಿಕವಾಗಿ ಹಗುರವಾಗುವುದುಂಟಂತೆ. ರೋಗಿಗೆ ಹೇಗನ್ನಿಸುತ್ತದೆ ಎಂಬುದೊಂದನ್ನೇ ನಂಬಿ ಮಾತ್ರೆ ಮುಂದುವರಿಸಿದ್ದರೆ ಇನ್ನಷ್ಟು ತಿಂಗಳು ದಾರಿ ತಪ್ಪುತ್ತಿದ್ದೆವು. ಇಲ್ಲಿಂದಾಚೆಗೆ ಕ್ರೋನ್ಸ್ ಎಂದು ಚಿಕಿತ್ಸೆ ಬದಲಾಯಿತು: ಮೊದಲು ಕೆಲ ಕಾಲ ಸ್ಟೀರಾಯ್ಡ್, ಜೊತೆಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಾಥಯೋಪ್ರಿನ್, ಅದಕ್ಕಾಗಿ ಆಗಾಗ ರಕ್ತಪರೀಕ್ಷೆ. ‘ಹಾಗಾದರೆ ಎರಡು ತಿಂಗಳು ತಪ್ಪು ಔಷಧ ಕೊಟ್ಟರಲ್ಲ’ ಎಂದು ಭಾವನವರು ಈಗಲೂ ಹೇಳುತ್ತಾರೆ. ತಪ್ಪು ಔಷಧವನ್ನು ಅದಕ್ಕೆ ಮುಂಚಿನ ಎಲ್ಲ ಚೀಟಿಗಳಲ್ಲೂ ಕೊಟ್ಟಿದ್ದರು, ಭಾವ, ಸರಿಯಾದದ್ದೇ ಎಂಬ ಧೈರ್ಯದಿಂದ ಕೊಟ್ಟಿದ್ದರು. ಇವರು ಮಾತ್ರ ತಪ್ಪಿರಬಹುದು ಎಂದು ಹೇಳಿ ಕೊಟ್ಟರು, ತಪ್ಪೋ ಸರಿಯೋ ಎಂದು ಕಣ್ಣಾರೆ ನೋಡಿ ನಿಲ್ಲಿಸಿದರು.

ಕಳೆದ ಸಲ ಈ ಬಗ್ಗೆ ಎರಡು ಸಾಲು ಹಾಕಿದಾಗ ‘ನೂರಕ್ಕೆ ನೂರು ಗುಣ, ಗ್ಯಾರಂಟಿ’ ಎಂಬ ಪುಡಿ, ಲೇಹ್ಯ, ಆಹಾರಪಟ್ಟಿಗಳು ಸಾಲುಗಟ್ಟಿ ಬಂದವು. ಕ್ರೋನ್ಸ್ ಹತೋಟಿಗೆ ಬರುತ್ತದೆ, ವರ್ಷಗಟ್ಟಲೆ ತಣ್ಣಗಿರಲೂಬಹುದು. ಬೇರುಸಹಿತ ಕೀಳುವ ಔಷಧ ಸದ್ಯಕ್ಕೆ ಯಾರ ಬಳಿಯೂ ಇಲ್ಲ. ದಯವಿಟ್ಟು ಕಳಿಸಬೇಡಿ.

ಯಾವ ವೈದ್ಯರು ಎಂದು ಕೇಳುವವರಿಗೂ ಹೆಸರು ಹೇಳುವುದಿಲ್ಲ. ಜೀರ್ಣಾಂಗ ತಜ್ಞರ ಬಳಿ, ಅಂದರೆ ಗ್ಯಾಸ್ಟ್ರೋಎಂಟರಾಲಜಿಸ್ಟ್ ಬಳಿ ಹೋಗಿ. ಹೋಗುವಾಗ ರಾತ್ರಿ ಎಚ್ಚರವಾಗುತ್ತದೆಯೇ, ರಕ್ತ ಯಾವ ಬಣ್ಣದ್ದು, ತೂಕ ಎಷ್ಟು ಇಳಿದಿದೆ, ಜ್ವರ ಯಾವ ಹೊತ್ತಿಗೆ, ಇದುವರೆಗೆ ಯಾವ ನೋವುನಿವಾರಕ ತಿಂದಿದ್ದೀರಿ ಎಂದು ಬರೆದುಕೊಂಡು ಹೋಗಿ. ಬಾಯಲ್ಲಿ ಹೇಳಲು ನಾಚಿಕೆಯಾದರೆ ಚೀಟಿಯನ್ನೇ ಮುಂದಿಡಿ. ಹಾಗೆಯೇ, ಬಯಾಪ್ಸಿ ಆದ ಮೇಲೆ ವರದಿಯ ಕಾಗದದ ಜೊತೆಗೆ ಸ್ಲೈಡ್ ಮತ್ತು ಆ ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಅನ್ನೂ ಲ್ಯಾಬಿನಿಂದ ಕೇಳಿ ಪಡೆದುಕೊಳ್ಳಿ. ಎರಡನೇ ಅಭಿಪ್ರಾಯ ಕೊಡುವವರು ಅದೇ ಚೂರನ್ನು ಮತ್ತೆ ಕತ್ತರಿಸಿ ನೋಡಬಹುದು. ಬ್ಲಾಕ್ ಕೈಯಲ್ಲಿಲ್ಲದಿದ್ದರೆ ಆ ಉಪ್ಪುಪ್ಪು ದ್ರಾವಣವನ್ನು ಮತ್ತೊಮ್ಮೆ ಕುಡಿಯಬೇಕಾದೀತು.